ಒಳಗಿರುವುದು ವಿಶೇಷ

ಮಾರಾಟ ವಿಭಾಗಕ್ಕೆ ಹೊಸದಾಗಿ ಸೇರಿದವರಿಗೆ ಈಗ ಕೆಲವು ದಿನಗಳ ತರಬೇತಿ ಇರುತ್ತದೆ ಎಂದು ಕೇಳಿದ್ದೇನೆ. ನನಗೆ ಸಿಕ್ಕಿದ್ದು ಎರಡು ಗ್ಲಾಸು ಮತ್ತು ಒಂದು ಪ್ರಶ್ನೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಮದುವೆಯೂ ಆಗಿ, ಉಡುಪಿಯಲ್ಲಿ ಕೆಲಸ ಹುಡುಕುತ್ತಿದ್ದೆ. ಮಣಿಪಾಲದ ಒಂದು ಕಟ್ಟಡದ ಮಹಡಿಯಲ್ಲಿ ಬಿಯರ್ ಕಂಪೆನಿಯೊಂದರ ಮಾರಾಟ ಕಚೇರಿ ಇತ್ತು. ಮ್ಯಾನೇಜರ್ ಕಾಮತರು ಬೊಂಬಾಯಿಯಲ್ಲಿ ಸಾಬೂನು, ಬಿಸ್ಕತ್ತು ಮಾರಿ ಊರಿಗೆ ಮರಳಿದವರು. ಅವರು ನನ್ನ ಅಂಕಪಟ್ಟಿಯನ್ನು ತೆರೆಯಲೇ ಇಲ್ಲ. ಮೇಜಿನ ಮೇಲೆ ಎರಡು ಗ್ಲಾಸು ಬಿಯರ್ ಇಟ್ಟರು.

"ಇದರಲ್ಲಿ ಯಾವುದಕ್ಕೆ ಕ್ರಯ ಹೆಚ್ಚು?"

"ನಾನು ಕುಡಿಯುವುದಿಲ್ಲ ಸರ್."

"ಕುಡಿಯಿರಿ ಅಂತ ನಾನು ಹೇಳ್ಲಿಲ್ಲ. ಕ್ರಯ ಯಾವುದಕ್ಕೆ ಹೆಚ್ಚು ಅಂತ ಕೇಳಿದ್ದು."

ಒಂದು ಗ್ಲಾಸು ದಪ್ಪ ತಳದ್ದು, ಹೋಟೆಲಿನಲ್ಲಿ ನೀರು ಕೊಡುವಂಥದು. ಇನ್ನೊಂದು ತೆಳ್ಳಗೆ, ಉದ್ದಕ್ಕೆ ಇತ್ತು. ನಾನು ತೆಳ್ಳಗಿನದನ್ನು ತೋರಿಸಿದೆ.

"ಎರಡೂ ಒಂದೇ ಬಾಟಲಿಯದ್ದು," ಎಂದರು ಕಾಮತರು. "ಸೋಮವಾರದಿಂದ ಬನ್ನಿ."

ತಪ್ಪು ಉತ್ತರಕ್ಕೆ ಕೆಲಸ ಸಿಕ್ಕಿತೋ ಸರಿ ಉತ್ತರಕ್ಕೆ ಸಿಕ್ಕಿತೋ ಎಂದು ಬಸ್ಸಿನಲ್ಲಿ ಉಡುಪಿಗೆ ಇಳಿಯುವವರೆಗೂ ಯೋಚಿಸಿದೆ. ಆ ಕಚೇರಿಯಲ್ಲಿ ಕಳೆದ ವರ್ಷಗಳುದ್ದಕ್ಕೂ ನನ್ನ ಸ್ಥಿತಿ ಬಹುಮಟ್ಟಿಗೆ ಅದೇ ಆಗಿತ್ತು. ಆದ್ದರಿಂದ ಈ ಬರಹದಲ್ಲಿ ಬುದ್ಧಿವಾದ ಹುಡುಕುವವರಿಗೆ ನಿರಾಶೆಯಾದೀತು.

ತಂದೆಯವರು ಸಂಸ್ಕೃತದ ಅಧ್ಯಾಪಕರು. ಅವರಿಗೆ ವಿಷಯ ಹೇಳಿದೆ. ಅವರು "ಲೆಕ್ಕ ಸರಿ ಇಡು" ಎಂದಷ್ಟೇ ಹೇಳಿದರು. ತಾಯಿ ಮಾತ್ರ ನೆರೆಯವರಿಗೆ "ಅವಳಿಗೆ ಸೋಡ ಕಂಪೆನಿಯಲ್ಲಿ ಕೆಲಸ" ಎಂದರು. ಅದು ಪೂರ್ತಿ ಸುಳ್ಳೂ ಅಲ್ಲ. ಎರಡರಲ್ಲೂ ಗುಳ್ಳೆ ಇರುತ್ತದೆ.

ಕಂಪೆನಿಯ ತಯಾರಿಕಾ ಘಟಕ ಕಾರ್ಕಳದಿಂದ ಬಜಗೋಳಿಗೆ ಹೋಗುವ ರಸ್ತೆಯಲ್ಲಿತ್ತು. ಅಲ್ಲಿ ತಯಾರಾಗುತ್ತಿದ್ದದ್ದು ಒಂದೇ ಬಿಯರ್. ಸುತ್ತಲಿನ ಎಲ್ಲ ಬಿಯರ್‌ಗಳಿಗಿಂತ ಅಗ್ಗ. ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ ಎಂದು ಕುಡಿಯುವವರು ಹೇಳುತ್ತಿದ್ದರು. ಅದನ್ನೇ ಒಂದೂವರೆ ಪಟ್ಟು ಬೆಲೆಗೆ ಮಾರಬೇಕು ಎಂಬುದು ಕಾಮತರ ಹಟ. ಬೊಂಬಾಯಿಯಲ್ಲಿ ಅವರು ಕಲಿತ ಪಾಠ ಇದು: ಮೊದಲು ಬೆಲೆ ಏರಿಸು, ಕಾರಣ ಆಮೇಲೆ ಹುಡುಕು.

ಕಾರಣ ಹುಡುಕಲು ನನ್ನನ್ನು ಮೊದಲು ಕಳುಹಿಸಿದ್ದು ಕಾಪುವಿಗೆ. ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ಸಂಜೀವಣ್ಣನವರ ಬಾರ್ ಇತ್ತು. ಬಾರಿನ ಒಳಗೆ ಸೀರೆ ಉಟ್ಟ ಹೆಂಗಸು ಪುಸ್ತಕ, ಪೆನ್ಸಿಲ್ ಹಿಡಿದು ಕೂತರೆ ಏನಾಗುತ್ತದೆ ಎಂದು ಕಾಮತರು ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ನಾನು ಒಳಗೆ ಕಾಲಿಟ್ಟ ಕೂಡಲೇ ಮೂರು ಮೇಜುಗಳಿಂದ ಬಾಟಲಿಗಳು ಕೆಳಗಿಳಿದವು.

"ಏಯ್, ಟೀಚರ್ ಬಂದ್ರು!" ಎಂದರು ಯಾರೋ.

"ಟೀಚರ್ ಅಲ್ಲ ಮಾರಾಯ್ರೆ, ಕಂಪೆನಿಯವರು," ಎಂದು ಸಂಜೀವಣ್ಣ ನಗುತ್ತ ಕ್ಯಾಶ್ ಮೇಜಿನ ಪಕ್ಕ ನನಗೆ ಕುರ್ಚಿ ಹಾಕಿಸಿದರು. "ಬಾಟಲಿ ಮೇಲೆ ಇಡಿ. ಇವರು ಮಾರ್ಕು ಕೊಡುದಲ್ಲ, ನೀವು ಕೊಡುದು."

ಒಂದೇ ಬಿಯರನ್ನು ಎರಡು ಬಾಟಲಿಗಳಿಗೆ ತುಂಬಿಸಿ ತಂದಿದ್ದೆವು. ಒಂದರ ಮೇಲೆ ಹಳೆಯ ಬೆಲೆ, ಇನ್ನೊಂದರ ಮೇಲೆ ಹೊಸ ಬೆಲೆ ಬರೆದ ಚೀಟಿ. ಹೆಚ್ಚಿನವರು ದುಬಾರಿ ಚೀಟಿಯದ್ದೇ ಒಳ್ಳೆಯದು ಎಂದರು. ಅಷ್ಟು ನಾನು ನಿರೀಕ್ಷಿಸಿದ್ದೆ. ಅವರು ಕೊಟ್ಟ ಕಾರಣಗಳನ್ನು ನಿರೀಕ್ಷಿಸಿರಲಿಲ್ಲ. ದೋಣಿಯ ಎಂಜಿನ್ ರಿಪೇರಿ ಮಾಡುವ ಒಬ್ಬರು, "ಅದು ತಲೆಗೆ ಹೋಗ್ತದೆ, ಇದು ಎದೆಗೆ ಇಳೀತದೆ" ಎಂದು ಕೈಯಿಂದ ತೋರಿಸಿ ವಿವರಿಸಿದರು. ಸುಳ್ಳು ಹೇಳುವವರ ಮುಖ ಹಾಗಿರುವುದಿಲ್ಲ. ಅವರಿಗೆ ನಿಜವಾಗಿಯೂ ಎದೆಗೆ ಇಳಿದಿತ್ತು.

ಆದರೆ ಕೊನೆಯಲ್ಲಿ, "ಇದಕ್ಕೆ ಅಷ್ಟು ಕ್ರಯ ಕೊಡ್ತೀರಾ?" ಎಂದು ಕೇಳಿದಾಗ ಅದೇ ಮನುಷ್ಯ ತಲೆ ಅಲ್ಲಾಡಿಸಿದರು. "ನಾನು ಕುಡೀಲಿಕ್ಕಾ? ಎಂತಕ್ಕೆ? ಭಾವ ಗಲ್ಫಿನಿಂದ ಬಂದ್ರೆ ಮೇಜಿನ ಮೇಲೆ ಇಡ್ಲಿಕ್ಕೆ ಒಂದು ತಗೊಂಡೇನು."

"ಒಂದು ಬಾಟಲಿ ಭಾವನಿಗೆ ಸಾಕಾಗುವುದೇ?"

"ಅದು ಮೇಜಿನ ಮೇಲೆ ಇರ್ತದೆ ಮೇಡಂ. ಗ್ಲಾಸಿಗೆ ಒಳಗಿಂದ ಸಾದಾ ಬರ್ತದೆ."

ಎಲ್ಲರೂ ನಕ್ಕರು. ನಾನು ಪುಸ್ತಕದಲ್ಲಿ ಯಾವ ಕಾಲಮಿನಲ್ಲಿ ಅದನ್ನು ಬರೆಯಬೇಕೆಂದು ತಿಳಿಯದೆ ಅಂಚಿನಲ್ಲಿ ಬರೆದೆ.

ಸಂಜೀವಣ್ಣನವರ ಹೆಂಡತಿ ಹಿಂದಿನ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನನ್ನ ಗೊಂದಲ ಕಂಡು ಸಂಜೀವಣ್ಣ ಅತ್ತ ಕೈ ತೋರಿಸಿದರು. "ನೋಡಿ, ನಿನ್ನೆಯೂ ಅದೇ ಗಿಡದ್ದು, ಇವತ್ತೂ ಅದೇ ಗಿಡದ್ದು. ಇವತ್ತು ರೇಟು ನಾಲ್ಕು ಪಾಲು. ನಾಡಿದ್ದು ಮದುವೆ ಮುಹೂರ್ತ ಉಂಟು. ಹೂ ಎಂತ ಬದಲಾಗಿದೆ? ಎಂತ ಇಲ್ಲ. ಮುಡಿಯುವ ದಿವಸ ಬದಲಾಗಿದೆ."

ಕಾಮತರಿಗೆ ನಾನು ಕೊಟ್ಟ ವರದಿಯಲ್ಲಿ ಮಲ್ಲಿಗೆಯ ಮಾತನ್ನು ಸೇರಿಸಲಿಲ್ಲ. ಅದು ಸಂಖ್ಯೆ ಆಗಿರಲಿಲ್ಲ. ಇಡೀ ಸಮೀಕ್ಷೆಯಲ್ಲಿ ಉಪಯೋಗಕ್ಕೆ ಬಂದದ್ದು ಅದೊಂದೇ ಎಂದು ಗೊತ್ತಾದದ್ದು ಆಮೇಲೆ.

ಹೊಸ ಬೆಲೆಯ ಬಾಟಲಿಗೆ ಹೆಸರು ಬೇಕಿತ್ತು. ಇಂಗ್ಲಿಷಿನಲ್ಲಿ ರಾಜ, ಕೋಟೆ, ಕುದುರೆ ಎಂದು ಕಾಮತರು ಒಂದು ವಾರ ಒದ್ದಾಡಿದರು. ಕೊನೆಗೆ, "ಕನ್ನಡದಲ್ಲಿ ಒಂದು ಕೊಡಿ ನೋಡುವ, ಹೋಟೆಲಿನವರು ಸ್ಪೆಷಲ್ ಅಂತಾರಲ್ಲ, ಆ ಥರ" ಎಂದರು. ನಾನು "ವಿಶೇಷ" ಎಂದು ಬರೆದುಕೊಟ್ಟೆ. ಬಾರುಗಳಲ್ಲಿ ತೂಗುಹಾಕುವ ಹಲಗೆಗೆ ಒಂದು ಸಾಲನ್ನೂ ಬರೆದೆ: "ಈಗ ನಮ್ಮಲ್ಲೂ ವಿಶೇಷ ಇದೆ." ಕಾಮತರು "ಇದೆ" ಹೊಡೆದುಹಾಕಿ "ಉಂಟು" ಎಂದು ತಿದ್ದಿದರು. "ಇಲ್ಲಿಯವರಿಗೆ ನಮ್ಮದು ಅನಿಸ್ಬೇಕು."

ಈಗ ನಮ್ಮಲ್ಲೂ ವಿಶೇಷ ಉಂಟು.

ಹಲಗೆಗಳು ಕಾರ್ಕಳಕ್ಕೆ ಹೋದ ಮೂರನೆಯ ದಿನ ಅಲ್ಲಿಯ ಮಾರಾಟ ಪ್ರತಿನಿಧಿ ಫೋನು ಮಾಡಿದ. ಮಾತಾಡಲಾರದೆ ನಗುತ್ತಿದ್ದ. ಬಾರಿಗೆ ಬಂದವರೆಲ್ಲ ಮಾಲೀಕನ ಕೈ ಕುಲುಕಿ, "ಎಷ್ಟನೇ ತಿಂಗಳು ಮಾರಾಯ?" ಎಂದು ಕೇಳುತ್ತಿದ್ದರಂತೆ. ಇನ್ನೊಂದು ಬಾರಿನ ಮಾಲೀಕರಿಗೆ ಅರವತ್ತು ದಾಟಿತ್ತು. ಅವರು ಹಲಗೆಯನ್ನು ಕಿತ್ತು ವಾಪಸು ಕಳುಹಿಸಿದ್ದರು.

ನಮ್ಮ ಕಡೆ "ಮನೆಯಲ್ಲಿ ವಿಶೇಷ ಉಂಟಾ?" ಎಂದು ಕೇಳಿದರೆ ಸೊಸೆ ಬಸುರಿಯೇ ಎಂದೇ ಅರ್ಥ. ಇದು ನನಗೆ ತಿಳಿದಿರಲಿಲ್ಲ ಎಂದಲ್ಲ. ಮದುವೆಯಾಗಿ ಕೆಲವು ವರ್ಷ ಕಳೆದಿದ್ದ ನನ್ನನ್ನು ಆ ಪ್ರಶ್ನೆ ಕೇಳದ ನೆಂಟರಿರಲಿಲ್ಲ. ಹಾಗಿದ್ದೂ ಆ ಸಾಲನ್ನು ಹೇಗೆ ಬರೆದೆನೋ ಇಂದಿಗೂ ಅರ್ಥವಾಗಿಲ್ಲ. ಈ ಬಗ್ಗೆ ಇಷ್ಟು ಸಾಕು.

ಕಾಮತರು ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ಹಲಗೆಗಳನ್ನು ಹಿಂದಕ್ಕೆ ತರಿಸಲು ಆದೇಶ ಬರೆದದ್ದೂ ಆಯಿತು. ಅಷ್ಟರಲ್ಲಿ ಕಾರ್ಕಳದಿಂದ ಹೆಚ್ಚು ಬಾಟಲಿ ಬೇಕೆಂಬ ಬೇಡಿಕೆ ಬಂತು. ಹಿಂದೆಯೇ ಕಾಪುವಿನಿಂದ, ಆಮೇಲೆ ಪೆರ್ಡೂರಿನ ಕಡೆಯಿಂದ. ಪ್ರತಿನಿಧಿಗಳ ವರದಿಯಲ್ಲಿ ವಿಚಿತ್ರವಾದ ಒಂದು ಸಂಗತಿ ಇತ್ತು. ಜನ ಕೊಳ್ಳುತ್ತಿದ್ದದ್ದು ಒಂದೊಂದೇ ಬಾಟಲಿ, ಅದೂ ಮನೆಗೆ. ಏಕೆಂದು ತಿಳಿಯಲು ನಾನೇ ಸುತ್ತಾಡಿದೆ. ನಮ್ಮಲ್ಲಿ ಗಂಡಸರು ಗೆಳೆಯರ ಎದುರು "ಹೆಂಡತಿ ಬಸುರಿ" ಎಂದು ಬಾಯಿಬಿಟ್ಟು ಹೇಳುವುದಿಲ್ಲ. ನಾಚಿಕೆ. ಈಗ ಹೇಳಬೇಕಾಗಿರಲಿಲ್ಲ. ಗೆಳೆಯರನ್ನು ಕರೆದು ಮೇಜಿನ ನಡುವೆ ಒಂದು "ವಿಶೇಷ" ಇಟ್ಟರೆ ಸಾಕು. ಎಲ್ಲರೂ ಬಾಟಲಿ ನೋಡುತ್ತಾರೆ, ಅವನ ಮುಖ ನೋಡುತ್ತಾರೆ, ಬೆನ್ನು ತಟ್ಟುತ್ತಾರೆ. ಆ ಮೇಜಿಗೆ ಯಾರೂ ಅಗ್ಗದ ಬಾಟಲಿ ತರಲಾರರು. ಮಗನಿಗೆ ನೌಕರಿ ಸಿಕ್ಕಿದಾಗ, ಮನೆ ಪ್ರವೇಶವಾದಾಗ ಕೂಡ ಆಮೇಲೆ ಅದೇ ರೂಢಿಯಾಯಿತು.

ಕಂಪೆನಿಯ ದೊಡ್ಡವರು ಬೆಂಗಳೂರಿನಿಂದ ಬಂದಾಗ ಕಾಮತರು ಒಂದು ಭಾಷಣ ಮಾಡಿದರು. ಗ್ರಾಹಕರ ಮನಸ್ಸಿನ ಆಳವಾದ ಅಧ್ಯಯನದಿಂದ ಈ ಹೆಸರನ್ನು ಆರಿಸಲಾಯಿತು ಎಂದರು. ನಾನು ಹಿಂದೆ ನಿಂತು ಕೇಳುತ್ತಿದ್ದೆ. ಕೇಳುತ್ತ ಕೇಳುತ್ತ ನನಗೂ ಹಾಗೇ ನಡೆದಂತೆ ಅನಿಸತೊಡಗಿತ್ತು.

ಬಿಯರ್ ತಯಾರಿಸುತ್ತಿದ್ದವರು ಲೋಬೊ. ಮಾತು ಕಡಿಮೆ. ಒಮ್ಮೆ ಘಟಕಕ್ಕೆ ಹೋದಾಗ ಅವರನ್ನು ನೇರವಾಗಿ ಕೇಳಿದೆ: "ಎರಡೂ ಒಂದೇ ಟ್ಯಾಂಕಿನದ್ದಲ್ಲವೇ?"

"ಒಂದೇ. ಬೇಕಾದ್ರೆ ಪುಸ್ತಕ ನೋಡಿ."

ನೋಡಿದೆ. ಟ್ಯಾಂಕಿನ ದಾಖಲೆ ಪುಸ್ತಕದಲ್ಲಿ ಎರಡಕ್ಕೂ ಒಂದೇ ಸಂಖ್ಯೆ.

"ಆದ್ರೆ ವಿಶೇಷ ತುಂಬಿಸುವ ದಿವಸ ನಾನು ಪೈಪು ಎರಡು ಸಲ ತೊಳೆಸ್ತೇನೆ," ಎಂದರು ಲೋಬೊ, ಸ್ವಲ್ಪ ಸಂಕೋಚದಿಂದ.

"ಏಕೆ?"

"ಗೊತ್ತಿಲ್ಲ. ಅಷ್ಟು ಕ್ರಯದ್ದಲ್ವಾ?"

ಬೆಲೆ ಸುಳ್ಳಾಗಿ ಏರಿತು, ಆ ಬೆಲೆಗೆ ಹೆದರಿ ಬಿಯರ್ ನಿಜವಾಗಿ ಒಂದಿಷ್ಟು ಸುಧಾರಿಸಿತೇ? ಹಾಗಾದರೆ ಎರಡೂ ಒಂದೇ ಎನ್ನಬಹುದೇ? ಇದನ್ನು ಬರೆದಿಟ್ಟ ಚೀಟಿ ನನ್ನ ಕಡತದಲ್ಲಿ ಇನ್ನೂ ಇದೆ. ಉತ್ತರ ಬರೆಯಲು ಬಿಟ್ಟ ಜಾಗ ಖಾಲಿ.

ಒಂದನ್ನು ಇನ್ನೊಂದಾಗಿ ಮಾಡುವ ಕೆಲಸ ನಡೆಯುತ್ತಿದ್ದದ್ದು ಹಿಂದಿನ ಶೆಡ್ಡಿನಲ್ಲಿ. ಅಲ್ಲಿ ಹೆಂಗಸರು ಉದ್ದ ಮೇಜಿನ ಎರಡು ಬದಿ ನಿಂತು ಮೈದಾ ಅಂಟಿನಿಂದ ಲೇಬಲ್ ಹಚ್ಚುತ್ತಿದ್ದರು. ಸಾದಾ ಬಾಟಲಿಗೆ ಒಂದು ಲೇಬಲ್, ಬಿಳಿ ಮುಚ್ಚಳ. ವಿಶೇಷಕ್ಕೆ ಎದುರು, ಹಿಂದೆ, ಕುತ್ತಿಗೆಗೆ ಮೂರು ಲೇಬಲ್. ಮೇಲೆ ಚಿನ್ನದ ಬಣ್ಣದ ಮುಚ್ಚಳ. ಆ ಕೆಲಸಕ್ಕೆಲ್ಲ ಮುಖ್ಯಸ್ಥೆ ಬಜಗೋಳಿಯ ವಾರಿಜ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಆದರೂ ನನ್ನನ್ನು ಅಕ್ಕ ಎನ್ನುತ್ತಿದ್ದಳು. ಗಂಡ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಶಾಲೆಗೆ ಹೋಗುತ್ತಿದ್ದರು. ಆ ಮನೆ ನಡೆಯುತ್ತಿದ್ದದ್ದು ಈ ಮೇಜಿನಿಂದಲೇ.

ನಾನೂ ಒಮ್ಮೆ ಲೇಬಲ್ ಹಚ್ಚಲು ನೋಡಿದೆ. ಸೊಟ್ಟಗಾಯಿತು. ಇನ್ನೊಂದರಲ್ಲಿ ಗಾಳಿ ನಿಂತಿತು. ಮೂರನೆಯದು ಹರಿಯಿತು.

"ಬಿಡಿ ಅಕ್ಕ, ನಿಮಗೆ ಬರುದಿಲ್ಲ," ಎಂದಳು ವಾರಿಜ. "ನೀವು ಕಾಗದ ನೋಡ್ತೀರಿ. ಬಾಟಲಿ ನೋಡ್ಬೇಕು. ಲೇಬಲಿನ ಹೊಟ್ಟೆಗೆ ಮೊದಲು ಬೆರಳು ಇಟ್ಟು, ಆಮೇಲೆ ಎರಡೂ ಬದಿಗೆ ಸವರಬೇಕು. ಒತ್ತಿದ್ರೆ ಸೊಟ್ಟ ಆಗ್ತದೆ. ಬಾಟಲಿಗೆ ಅದು ತನ್ನದೇ ಚರ್ಮ ಅಂತ ಅನಿಸ್ಬೇಕು."

ಪಕ್ಕದವಳು, "ಅಕ್ಕ ಎಂ.ಎಸ್ಸಿ. ಮಾಡಿದ್ದಾರೆ ಮಾರಾಯ್ತಿ," ಎಂದಳು.

"ಅದಕ್ಕೇ ಒತ್ತುದು," ಎಂದಳು ವಾರಿಜ.

ಅದು ನಾನು ಕೆಲಸಕ್ಕೆ ಸೇರಿದ ಆರನೆಯ ವರ್ಷ. ಕಾರ್ಕಳದಿಂದ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ದೂರು ಬಂತು. ಬರೆದವರು ಸದಾಶಿವ, ಒಂದು ಖಾಸಗಿ ಬಸ್ ಕಂಪೆನಿಯ ಬುಕಿಂಗ್ ಕ್ಲಾರ್ಕ್. ಪ್ರತಿ ದಿನಾಂಕವನ್ನೂ ನಮೂದಿಸಿ ಅಚ್ಚುಕಟ್ಟಾಗಿ ಬರೆದಿದ್ದರು. ತಾನು ಕೊಂಡ "ವಿಶೇಷ" ಬಾಟಲಿಯ ಮುಚ್ಚಳ ಬಿಳಿಯದು. ಒಳಗೆ ಸಾದಾ ಬಿಯರ್ ತುಂಬಿಸಿ ಮೋಸ ಮಾಡಲಾಗಿದೆ. ಲಿಖಿತ ಉತ್ತರ ಬಾರದಿದ್ದರೆ ಪತ್ರಿಕೆಗೆ ಬರೆಯುತ್ತೇನೆ. ಹೀಗಿತ್ತು ಅದು.

ಮೇಜಿನ ಮೇಲೆ ವಿಶೇಷ ಇಟ್ಟು ಗ್ಲಾಸಿಗೆ ಸಾದಾ ಸುರಿಯುವ ಜಾಣತನ ಎಲ್ಲರಿಗೂ ಗೊತ್ತಿತ್ತು. ಅದೇ ಥರ ಘಟಕದಲ್ಲಿಯೇ ಯಾರೋ ಸಾದಾ ಬಿಯರಿಗೆ ವಿಶೇಷದ ಲೇಬಲ್ ಹಚ್ಚಿ, ನಿಜವಾದ ವಿಶೇಷವನ್ನು ಹೊರಗೆ ಮಾರುತ್ತಿದ್ದಾರೆ ಎಂದು ಬೆಂಗಳೂರಿನವರು ತೀರ್ಮಾನಿಸಿದರು. ದೂರಿನಲ್ಲಿ ನಕಲು ಮಾಡಿದ್ದ, ಬಾಟಲಿಯ ಹಿಂದಿನ ಗುರುತು ವಾರಿಜಳ ಮೇಜಿನದ್ದು. ಮುಂದಿನ ಸೋಮವಾರ ವಿಚಾರಣೆ, ಅಲ್ಲಿಯವರೆಗೆ ಕೆಲಸಕ್ಕೆ ಬರಬಾರದು ಎಂದು ಅವಳನ್ನು ಕಳುಹಿಸಿದರು. ವಿಚಾರಣೆ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ಕಳ್ಳಿ ಎಂಬ ಹೆಸರು ಹೊತ್ತು ಹೊರಹೋಗುವುದು. ಆಮೇಲೆ ಆ ರಸ್ತೆಯ ಯಾವ ಗೋಡಂಬಿ ಕಾರ್ಖಾನೆಯವರೂ ಅವಳನ್ನು ಸೇರಿಸಿಕೊಳ್ಳುವುದಿಲ್ಲ.

ನನಗೆ ತಲೆ ಕೆಟ್ಟಂತಾಯಿತು. ವಿಶೇಷ ಮತ್ತು ಸಾದಾ ಒಂದೇ ಆದರೆ, ಒಂದರ ಬದಲು ಇನ್ನೊಂದನ್ನು ತುಂಬಿಸಿ ಕದಿಯುವುದು ಏನನ್ನು? ಇಲ್ಲದ ವ್ಯತ್ಯಾಸವನ್ನು ಕದ್ದವಳೆಂದು ಒಬ್ಬ ಹೆಂಗಸಿನ ಅನ್ನ ಕಿತ್ತುಕೊಳ್ಳುತ್ತಿದ್ದರು. ಎರಡೂ ಒಂದೇ ಎಂದು ಬೆಂಗಳೂರಿನವರಿಗೆ ಯಾರೂ ಹೇಳಿರಲಿಲ್ಲ. ಅದನ್ನು ಬಲ್ಲವರು ನಾನು, ಲೋಬೊ, ಕಾಮತರು.

ಶನಿವಾರ ಮಧ್ಯಾಹ್ನ ಬಜಗೋಳಿಗೆ ಹೋದೆ. ವಾರಿಜ ಅಂಗಳದಲ್ಲಿ ಬೀಡಿ ಎಲೆ ಕತ್ತರಿಸುತ್ತ ಕೂತಿದ್ದಳು. ಬಿಟ್ಟಿದ್ದ ಹಳೆಯ ಕೆಲಸಕ್ಕೆ ಆಗಲೇ ಮರಳಿದ್ದಳು.

"ಬಿಳಿ ಮುಚ್ಚಳ ಹೇಗೆ ಬಂತು ವಾರಿಜ?"

ಅವಳು ಕತ್ತರಿ ಕೆಳಗಿಟ್ಟು ನನ್ನನ್ನು ನೋಡಿದಳು. "ನಿಮಗೆ ನೆನಪಿಲ್ವಾ ಅಕ್ಕ?"

"ಏನು?"

"ಚಿನ್ನದ ಮುಚ್ಚಳ ಮುಗಿದಿತ್ತು. ಲಾರಿ ಹೊರಡ್ಲಿಕ್ಕೆ ನಿಂತಿತ್ತು. ನಾನು ಮಣಿಪಾಲಕ್ಕೆ ಫೋನು ಮಾಡಿಸಿದೆ. ಎತ್ತಿದ್ದು ನೀವು. ಸ್ವಲ್ಪವೇ ಬಾಕಿ ಉಂಟು, ಎಂತ ಮಾಡುದು ಅಂತ ಕೇಳಿದೆ. ನೀವು ಹೇಳಿದ್ರಿ, 'ಒಳಗೆ ಒಂದೇ ಅಲ್ವಾ, ಬಿಳಿ ಹಾಕಿ ಕಳಿಸು' ಅಂತ."

ಹಾಗೆ ನಾನು ಹೇಳಿರಲಾರೆ ಎಂದೆ. ಅವಳು ವಾದಿಸಲಿಲ್ಲ. "ಆಯ್ತು, ನಾನೇ ತಪ್ಪು ಕೇಳಿದ್ದು ಇರಬಹುದು" ಎಂದು ಒಳಗೆ ಹೋಗಿ ನನಗೆ ಬೆಲ್ಲ, ನೀರು ತಂದಳು.

"ಇದನ್ನು ಕಾಮತರಿಗೆ ಹೇಳಿದ್ದೀಯಾ?"

"ಇಲ್ಲ."

"ಏಕೆ?"

"ನೀವು ಹೇಳ್ತೀರಿ ಅಂತ ಇದ್ದೆ," ಎಂದಳು.

ನಾನು ದಿನದ ಎಲ್ಲ ಫೋನ್ ಕರೆಗಳನ್ನೂ ಚಿಕ್ಕ ಪುಸ್ತಕದಲ್ಲಿ ಬರೆದಿಡುವವಳು. ಸಂಜೆ ಕಚೇರಿಗೆ ಹೋಗಿ ಹುಡುಕಿದೆ. ನನ್ನದೇ ದುಂಡು ಅಕ್ಷರದಲ್ಲಿ ಇತ್ತು: "ಘಟಕ — ಮುಚ್ಚಳ ಕೊರತೆ — ಬಿಳಿ ಸಾಕು." ಎಷ್ಟು ಮುಚ್ಚಳ ಬೇಕೆಂದು ಆ ತಿಂಗಳು ಅಂದಾಜು ಮಾಡಿ ಕಡಿಮೆ ತರಿಸಿದ್ದೂ ನಾನೇ. ನನ್ನ ನೆನಪಿನ ಮೇಲೆ ನನಗಿದ್ದ ನಂಬಿಕೆ ಆವತ್ತು ಹೋದದ್ದು ಪೂರ್ತಿಯಾಗಿ ಮರಳಿ ಬಂದಿಲ್ಲ.

ಆ ಪುಟವನ್ನು ಕಾಮತರ ಮುಂದಿಟ್ಟೆ. ಅವರು ಓದಿ, ಕನ್ನಡಕ ತೆಗೆದರು.

"ತಪ್ಪು ನನ್ನದು ಎಂದು ಬರೆದುಕೊಡುತ್ತೇನೆ ಸರ್."

"ಬರೀರಿ. ಬಿಳಿ ಸಾಕು ಅಂತ ಯಾಕೆ ಹೇಳಿದ್ರಿ ಅಂತ ಬೆಂಗಳೂರಿನವರು ಕೇಳ್ತಾರೆ. ಎಂತ ಬರೀತೀರಿ?"

"ಒಳಗಿರುವುದು ಒಂದೇ ಆದ್ದರಿಂದ, ಎಂದು."

"ಅದನ್ನು ಬರೀಲಿಕ್ಕೆ ಆಗುದಿಲ್ಲ. ಆ ಕಾಗದ ಈ ಕಚೇರಿಯಿಂದ ಹೊರಗೆ ಹೋದ್ರೆ ವಿಶೇಷವೂ ಇಲ್ಲ, ಘಟಕವೂ ಇಲ್ಲ, ಆ ಮೇಜೂ ಇಲ್ಲ. ಒಬ್ಬಳ ಕೆಲಸ ಉಳಿಸ್ಲಿಕ್ಕೆ ಎಲ್ಲರ ಕೆಲಸ ಕಳೀತೀರಾ?" ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಆ ಸದಾಶಿವ ದೂರು ವಾಪಸು ತಗೊಂಡ್ರೆ ವಿಚಾರಣೆಯೇ ಇಲ್ಲ. ನಾಳೆ ಭಾನುವಾರ. ಅವನು ಮನೆಯಲ್ಲಿ ಇರ್ತಾನೆ. ಎರಡು ಹೊಸ ಬಾಟಲಿ ತಗೊಂಡು ಹೋಗಿ."

ಹೋದೆ. ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಆ ಮನುಷ್ಯನಿಗೆ ನಿಜ ಹೇಳಬೇಕೇ, ಬೇಡವೇ ಎಂದು ತೀರ್ಮಾನಿಸಿರಲಿಲ್ಲ.

ಸದಾಶಿವರು ಸಣಕಲು ಮನುಷ್ಯ, ನಲವತ್ತರ ಹತ್ತಿರ. ನನ್ನನ್ನು ಮುಂದಿನ ಕೋಣೆಯಲ್ಲಿ ಕೂರಿಸಿದರು. ಗೋಡೆಯ ಗೂಡಿನಲ್ಲಿ ರೇಡಿಯೋದ ಪಕ್ಕ ಆ ಬಾಟಲಿ ಇತ್ತು. ಬಿಳಿ ಮುಚ್ಚಳ ಹಾಗೆಯೇ ಇತ್ತು. ಅದನ್ನು ತೆರೆದೇ ಇರಲಿಲ್ಲ.

"ನೀವು ಕುಡಿದಿಲ್ಲವೇ?" ಎಂದೆ.

"ಇವರು ಕುಡಿಯುದೇ ಇಲ್ಲ ಮೇಡಂ," ಎಂದು ಬಾಗಿಲಿನಿಂದ ಅವರ ಹೆಂಡತಿ ಹೇಳಿದರು. ತುಂಬು ಬಸುರಿ. ಗೋಡೆ ಹಿಡಿದು ನಿಂತಿದ್ದರು.

ವಿಷಯ ಹೀಗಿತ್ತು. ಮದುವೆಯಾಗಿ ಹನ್ನೊಂದು ವರ್ಷ. ಬಸ್ ಸ್ಟ್ಯಾಂಡಿನ ಗೆಳೆಯರು ಒಬ್ಬೊಬ್ಬರಾಗಿ ವಿಶೇಷ ಇಟ್ಟಾಗ ಇವರು ಹೋಗಿ ಬೆನ್ನು ತಟ್ಟಿ ಬಂದಿದ್ದರು. ಕೊನೆಗೆ ಇವರ ಸರದಿ ಬಂತು. ಎಲ್ಲರನ್ನೂ ಮನೆಗೆ ಕರೆದು, ಮೇಜಿನ ನಡುವೆ ಬಾಟಲಿ ಇಟ್ಟರು. ಒಬ್ಬ ಮುಚ್ಚಳ ನೋಡಿದ. "ಎಂತ ಮಾರಾಯ ಸದಾಶಿವ, ಹನ್ನೊಂದು ವರ್ಷ ಕಾದು ಸಾದಾ ತಂದೆಯಾ?" ಎಂದ. ಎಲ್ಲರೂ ನಕ್ಕರು.

"ತಮಾಷೆಗೆ ಹೇಳಿದ್ದು," ಎಂದರು ಸದಾಶಿವರು. "ಅವರು ಕೆಟ್ಟವರಲ್ಲ. ಆದ್ರೆ ಅದು ನನ್ನ ತಲೆಯಿಂದ ಹೋಗುದಿಲ್ಲ."

ಹೊಸ ಬಾಟಲಿಗಳನ್ನು ಮೇಜಿನ ಮೇಲಿಟ್ಟೆ. ಚಿನ್ನದ ಮುಚ್ಚಳಗಳು ಹೊಳೆದವು. ಅವರು ಮುಟ್ಟಲಿಲ್ಲ.

"ಇದು ನನಗೆ ಬೇಡ. ಆ ದಿವಸದ್ದು ಅದು," ಎಂದು ಗೂಡಿನ ಕಡೆ ನೋಡಿದರು. "ನನಗೆ ಒಂದೇ ಗೊತ್ತಾಗ್ಬೇಕು. ಅದರ ಒಳಗೆ ಇರುವುದು ವಿಶೇಷವಾ, ಸಾದಾವಾ?"

ನಾನು ಹೇಳಬೇಕಾಗಿದ್ದ ನಿಜ ನಾಲಿಗೆಯ ಮೇಲೆಯೇ ಇತ್ತು. ಎರಡೂ ಒಂದೇ ಸ್ವಾಮಿ, ವಿಶೇಷ ಎಂಬುದೇ ಇಲ್ಲ. ಬಾಗಿಲಲ್ಲಿ ಅವರ ಹೆಂಡತಿ ಉತ್ತರಕ್ಕೆ ಕಾದು ನಿಂತಿದ್ದರು.

"ಮುಚ್ಚಳ ಮುಗಿದಿತ್ತು. ಬಿಳಿ ಹಾಕಲು ಹೇಳಿದವಳು ನಾನು. ಲೇಬಲ್ ಹಚ್ಚಿದವರದು ಏನೂ ತಪ್ಪಿಲ್ಲ," ಎಂದೆ. "ಟ್ಯಾಂಕಿನ ಪುಸ್ತಕವನ್ನು ನಾನೇ ನೋಡಿದ್ದೇನೆ. ಉಳಿದ ವಿಶೇಷ ಬಾಟಲಿಗಳಲ್ಲಿ ಏನಿದೆಯೋ ಇದರಲ್ಲೂ ಅದೇ ಇದೆ. ಒಂದು ಹನಿಯ ವ್ಯತ್ಯಾಸವೂ ಇಲ್ಲ."

"ಬರೆದು ಕೊಡ್ತೀರಾ?"

ಚೀಲದಲ್ಲಿ ಕಂಪೆನಿಯ ಕಾಗದವಿತ್ತು. ಬರೆದೆ: "ಈ ಬಾಟಲಿಯ ಮುಚ್ಚಳ ನನ್ನ ತಪ್ಪಿನಿಂದ ಬದಲಾಗಿದೆ. ಒಳಗಿರುವುದು ವಿಶೇಷ." ಕೆಳಗೆ ಸಹಿ, ದಿನಾಂಕ.

ಅವರು ಎರಡು ಸಲ ಓದಿದರು. ಹೆಂಡತಿಗೆ ಕೊಟ್ಟರು. ಆಕೆ ಓದಿ, ಮಡಚಿ, ಬಾಟಲಿಯ ಅಡಿಯಲ್ಲಿ ಇಟ್ಟರು. ದೂರು ವಾಪಸು ಪಡೆಯುವ ಪತ್ರವನ್ನು ಸದಾಶಿವರು ಅಲ್ಲಿಯೇ ಬರೆದುಕೊಟ್ಟರು. ಹೊರಡುವಾಗ ಆಕೆ ಅಂಗಳದವರೆಗೆ ಬಂದು, "ನಿಮಗೆ ಮಕ್ಕಳು?" ಎಂದು ಕೇಳಿದರು.

"ಇಲ್ಲ," ಎಂದೆ.

ಆಕೆ ಮುಡಿಯಲ್ಲಿದ್ದ ಮಲ್ಲಿಗೆಯ ಒಂದು ತುಂಡು ಮುರಿದು ಕೊಟ್ಟರು.

ಮುಂದೆ ಹಲವು ವರ್ಷ, ಹಲವು ಕಂಪೆನಿಗಳಿಗೆ, ಹಲವು ವಸ್ತುಗಳಿಗೆ ನಾನು ಸಾಲುಗಳನ್ನು ಬರೆದೆ. ಲೇಬಲ್ ಹಚ್ಚಲು ಯಂತ್ರ ಬಂತು, ಸಮೀಕ್ಷೆಗೆ ಕಂಪ್ಯೂಟರ್ ಬಂತು. ಆದರೆ ನಾನು ಸಹಿ ಹಾಕಿ ಕೊಟ್ಟ ಜಾಹೀರಾತು ಅದೊಂದೇ. ಅದರಲ್ಲಿ ಒಂದೇ ಒಂದು ಶಬ್ದವೂ ಸುಳ್ಳಲ್ಲ. ನಾನು ಯಾರನ್ನಾದರೂ ಮೋಸಗೊಳಿಸಿದ್ದರೆ ಅದರಿಂದಲೇ. ಅಥವಾ ಅವರ ಮನೆಯಲ್ಲಿದ್ದ ಆ ಬಾಟಲಿಯ ಮಟ್ಟಿಗೆ ಅದು ಅಚ್ಚ ನಿಜವೇ ಆಗಿತ್ತೇನೋ. ಹೊಸಬರು ಕೇಳಿದರೆ ಏನು ಹೇಳಲಿ ಎಂದು ಈ ಪುಟಗಳನ್ನು ಬರೆಯಲು ಕೂತಾಗಲೂ ನನಗೆ ಸ್ಪಷ್ಟವಿರಲಿಲ್ಲ, ಈಗಲೂ ಇಲ್ಲ.

ಸೋಮವಾರ ವಿಚಾರಣೆ ನಡೆಯಲಿಲ್ಲ. ಮಂಗಳವಾರ ಘಟಕಕ್ಕೆ ಹೋದಾಗ ವಾರಿಜ ತನ್ನ ಮೇಜಿನಲ್ಲಿದ್ದಳು. ನಾನು ಕ್ಷಮೆ ಕೇಳಿದೆ. ಅವಳು, "ಅದೆಲ್ಲ ಬಿಡಿ. ಅವನಿಗೆ ಎಂತ ಹೇಳಿದ್ರಿ?" ಎಂದಳು. ನಡೆದದ್ದನ್ನು ಹೇಳಿ, ಬರೆದುಕೊಟ್ಟ ಎರಡು ವಾಕ್ಯಗಳನ್ನೂ ಹೇಳಿದೆ.

ಅವಳ ಕೈ ನಿಂತಿತು. ಎರಡನೆಯ ವಾಕ್ಯವನ್ನು ಮೆಲ್ಲಗೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಒಂದು ಬಾಟಲಿ ಎತ್ತಿ, ಲೇಬಲಿನ ಹೊಟ್ಟೆಗೆ ಬೆರಳಿಟ್ಟು ಎರಡೂ ಬದಿಗೆ ಸವರಿದಳು.

"ಅಂತೂ ಲೇಬಲ್ ಹಚ್ಲಿಕ್ಕೆ ಕಲಿತ್ರಿ ಅಕ್ಕ," ಎಂದಳು. "ಒಂದು ಚೂರೂ ಸೊಟ್ಟ ಆಗ್ಲಿಲ್ಲ."